ನೀರು ನಿಲ್ಲಿಸಿದವನ ಪರವಾಗಿ

ಮಾರ್ಚ್ ೪, ಮಂಗಳವಾರ

ಬೈಯಲು ಮನೆಯಲ್ಲಿ ಯಾರೂ ಇಲ್ಲದವರು ದಿನಚರಿ ಬರೆಯುತ್ತಾರೆ. ಅಮ್ಮ ಇದ್ದಾಗ ನಾನು ಒಂದು ಸಾಲು ಬರೆದವಳಲ್ಲ. ಪಾಳಿ ಮುಗಿಸಿ ಬಂದು ಬೂಟು ಬಿಚ್ಚುವಷ್ಟರಲ್ಲಿ ಅಗ್ನಿಶಾಮಕ ಠಾಣೆಯ ಪುರಾಣವನ್ನೆಲ್ಲ ಅವಳ ಕಿವಿಗೆ ಸುರಿದು ಹಗುರಾಗಿಬಿಡುತ್ತಿದ್ದೆ. ಅರ್ಧಕ್ಕೇ ಅವಳು ನಿದ್ದೆ ಹೋಗುತ್ತಿದ್ದಳು ಎಂಬುದು ಬೇರೆ ಮಾತು.

ಇವತ್ತು ಬರೆಯುವುದಕ್ಕೆ ಕಾರಣ ಬಾಯಿಬೀಗ. ನಮ್ಮ ಠಾಣೆಯಲ್ಲಿ ಪಂಪು ನಡೆಸುವವನು. ನಾನು ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಆಡುವ ಮಾತನ್ನು ಅವನು ವರ್ಷವಿಡೀ ಆಡುವುದಿಲ್ಲ, ಅದಕ್ಕೇ ಆ ಹೆಸರು. ನನಗೆ ಬಾಯಿಬಡುಕಿ ಎಂಬ ಹೆಸರಿರುವುದೂ ಗೊತ್ತು. ಚೆನ್ನಾಗಿ ಒಪ್ಪುತ್ತದೆ ಎಂದು ಇಟ್ಟವರ ಮುಖಕ್ಕೇ ಹೇಳಿದ್ದೇನೆ.

ಮಧ್ಯಾಹ್ನ ಅವನು ಕಂಟ್ರೋಲ್ ರೂಮಿನ ಬಾಗಿಲಲ್ಲಿ ಬಂದು ನಿಂತ. ನಾನು ಫೋನಿನಲ್ಲಿದ್ದೆ. ಕೆಳಗಿಟ್ಟ ಮೇಲೂ ನಿಂತೇ ಇದ್ದ. ಏನು ಎಂದರೆ, "ನೀವು ನನ್ನ ಪಕ್ಕ ಕೂತ್ಕೋಬೇಕು" ಅಂದ. ಎಲ್ಲಿ, ಬಸ್ಸಿನಲ್ಲಾ ಎಂದು ಕೇಳಿದೆ. ಅವನು ನಗಲಿಲ್ಲ. ಕೈಯಲ್ಲಿದ್ದ ಆರೋಪಪಟ್ಟಿಯನ್ನು ಮೇಜಿನ ಮೇಲಿಟ್ಟ.

ವಿಷಯ ಎಲ್ಲರಿಗೂ ಗೊತ್ತಿರುವುದೇ. ಹೋದ ತಿಂಗಳು ಹಾಸಿಗೆ ಗೋದಾಮಿಗೆ ಬೆಂಕಿ ಬಿದ್ದಾಗ ಒಳಗೆ ಪೈಪಿನ ಮೂತಿ ಹಿಡಿದಿದ್ದವನು ನಮ್ಮ ಚಿನಕುರಳಿ, ಪಟಪಟ ಮಾತಿಗೆ ಆ ಹೆಸರು ಬಿದ್ದ ಹುಡುಗ. ಹೊರಗೆ ಗಾಡಿಯ ಹತ್ತಿರ ಪಂಪಿನ ಮೇಲಿದ್ದವನು ಬಾಯಿಬೀಗ. ನಡುವೆ ನೀರು ನಿಂತಿತು. ಕೆಟ್ಟು ನಿಂತದ್ದಲ್ಲ, ಇವನೇ ನಿಲ್ಲಿಸಿದ್ದು. ಚಿನಕುರಳಿ ಎರಡೂ ಕೈ ಸುಟ್ಟುಕೊಂಡು ಹೊರಗೆ ಬಂದ. ಒಳಗೆ ಮನುಷ್ಯ ಇರುವಾಗ ನೀರು ನಿಲ್ಲಿಸುವುದೆಂದರೆ, ಬಾವಿಗೆ ಇಳಿದವನ ಹಗ್ಗ ಬಿಟ್ಟ ಹಾಗೆ. ಯಾಕೆ ನಿಲ್ಲಿಸಿದೆ ಎಂದರೆ ಬಾಯಿ ಬಿಡುವುದಿಲ್ಲ. ಅಮಾನತಾಗಿದೆ, ಈಗ ಶಿಸ್ತಿನ ವಿಚಾರಣೆ. ಆರೋಪ ಸಾಬೀತಾದರೆ ವಜಾ.

ವಿಚಾರಣೆಯಲ್ಲಿ ಆರೋಪಿ ತನ್ನ ಪಕ್ಕದಲ್ಲಿ ಒಬ್ಬ ಸಹೋದ್ಯೋಗಿಯನ್ನು ಕೂರಿಸಿಕೊಳ್ಳಬಹುದು, ಅವರು ಅವನ ಪರವಾಗಿ ಮಾತಾಡಬಹುದು, ಆದರೆ ಅವರು ಘಟನೆಗೆ ಸಾಕ್ಷಿಯಾಗಿರಬಾರದು ಎಂದು ನಿಯಮವಿದೆಯಂತೆ. ಆ ದಿನ ಇಡೀ ಠಾಣೆ ಗೋದಾಮಿನ ಮುಂದಿತ್ತು. ಇಲ್ಲದಿದ್ದವರು ಇಬ್ಬರೇ: ಅಕ್ಕನ ಮನೆಗೆ ಹೋಗಿದ್ದ ನಾನು, ಮತ್ತೆ ಅಡುಗೆಯವ.

"ಅಡುಗೆಯವನನ್ನ ಕೇಳಿದ್ರಾ?" ಅಂದೆ.

"ಕೇಳ್ದೆ. ಆಗಲ್ಲ ಅಂದ."

ಅಂದರೆ ಅಡುಗೆಯವ ಬೇಡವೆಂದು ಬಿಟ್ಟಿದ್ದು ನನ್ನ ತಟ್ಟೆಗೆ ಬಿದ್ದಿದೆ. ಯೋಚಿಸಿ ಹೇಳುತ್ತೇನೆ ಎಂದು ಕಳಿಸಿದೆ. ಯೋಚಿಸುವುದಕ್ಕೇನೂ ಇಲ್ಲ. ಚಿನಕುರಳಿಯ ಕೈ ಸುಟ್ಟವನ ಪಕ್ಕ ನಾನು ಕೂರುವುದಿಲ್ಲ.

ಮಾರ್ಚ್ ೭, ಶುಕ್ರವಾರ

ಆಸ್ಪತ್ರೆಗೆ ಹೋಗಿದ್ದೆ. ಚಿನಕುರಳಿಯ ಎರಡು ಕೈಗಳೂ ಮೊಣಕೈವರೆಗೆ ಬ್ಯಾಂಡೇಜಿನೊಳಗೆ. ಹೆಂಡತಿ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ಅವಳಿಗೆ ಏಳು ತಿಂಗಳು, ಬಗ್ಗಲೂ ಕಷ್ಟ. ನನ್ನನ್ನು ಕಂಡದ್ದೇ ಇವನು ಶುರು ಮಾಡಿದ: "ಅಕ್ಕ, ಈಗ ನನ್ನ ಕೆನ್ನೆ ಮೇಲೆ ಸೊಳ್ಳೆ ಕೂತ್ರೂ ಇವಳೇ ಹೊಡೀಬೇಕು. ಸೊಳ್ಳೆ ಇಲ್ದಿದ್ರೂ ಹೊಡೀತಾಳೆ." ಮೂವರೂ ನಕ್ಕೆವು, ಆಮೇಲೆ ನನಗೆ ಕಣ್ಣೀರು ಬಂತು. ಈ ಹುಡುಗ ಠಾಣೆಗೆ ಸೇರಿದಾಗಿನಿಂದ ಊಟದ ಮೇಜಿನಲ್ಲಿ ನನ್ನ ಎದುರಿಗೇ ಕೂರುವವನು. ನನ್ನ ಮಾತಿಗೆ ಸರಿಸಾಟಿಯಾಗಿ ಮಾತು ಕೊಡುವವನು ಅವನೊಬ್ಬನೇ.

ಒಳಗೆ ಏನಾಯಿತು ಎಂದು ಕೇಳಿದೆ. ಗೋಡೆ ನೋಡಿಕೊಂಡು, "ನೀರು ನಿಂತ್ಹೋಯ್ತು ಅಕ್ಕ" ಅಂದ. ನೊಣ ಹಾರಿದರೂ ಕಥೆ ಕಟ್ಟುವವನು ಅಷ್ಟಕ್ಕೇ ನಿಲ್ಲಿಸಿದ. ನೋವಿರಬೇಕು ಎಂದು ನಾನೂ ಕೆದಕಲಿಲ್ಲ.

ಹೊರಗೆ ಬಂದರೆ ರಸ್ತೆಯ ಆಚೆ, ಔಷಧಿ ಅಂಗಡಿಯ ಮುಂದೆ ಬಾಯಿಬೀಗ. ಕೈಯಲ್ಲಿ ಹಣ್ಣಿನ ಪೊಟ್ಟಣ. ಅಮಾನತಿನ ಆದೇಶದಲ್ಲಿ ಸಾಕ್ಷಿಗಳನ್ನು ಭೇಟಿಯಾಗಕೂಡದು ಎಂದಿದೆ, ಹಾಗಾಗಿ ಗೇಟು ದಾಟುವಂತಿಲ್ಲ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಪೊಟ್ಟಣವನ್ನು ನನ್ನ ಕೈಗಿಟ್ಟು, ಯಾರು ಕೊಟ್ಟಿದ್ದೆಂದು ಹೇಳಬೇಡಿ ಎಂದ.

ಮತ್ತೆ ಮೆಟ್ಟಿಲು ಹತ್ತಿ ಹೋಗಿ, ಠಾಣೆಯವರು ಕಳಿಸಿದ್ದು ಎಂದು ಸುಳ್ಳು ಹೇಳಿ ಕೊಟ್ಟು ಬಂದೆ. ನಡುವೆ ಒಂದು ಹಣ್ಣು ತೆಗೆದು ನನ್ನ ಚೀಲಕ್ಕೂ ಹಾಕಿಕೊಂಡೆ. ಸಂಜೆ ಅವನಿಗೆ ಫೋನ್ ಮಾಡಿ ಆಗಲಿ, ಕೂರುತ್ತೇನೆ ಅಂದೆ. ಯಾಕೆ ಅಂದೆನೋ ನನಗೇ ತಿಳಿಯದು. ಹಣ್ಣಿನ ಋಣ ಇರಬೇಕು.

ಮಾರ್ಚ್ ೧೨, ಬುಧವಾರ

ಒಪ್ಪಿಗೆ ಪತ್ರವನ್ನು ಬೆಳಿಗ್ಗೆ ಠಾಣಾಧಿಕಾರಿ ಸಾಹೇಬರ ಕೋಣೆಯಲ್ಲಿ ಕೊಟ್ಟೆ. ಊಟದ ಹೊತ್ತಿಗೆ ಠಾಣೆಗೆಲ್ಲ ಡಂಗುರ.

ನಾನು ತಟ್ಟೆ ಹಿಡಿದು ಹೋದಾಗ ಮೇಜು ಗಲಗಲ ಎನ್ನುತ್ತಿತ್ತು. ಕೂತೆ, ನಿಂತುಹೋಯಿತು. ಚಮಚ ತಟ್ಟೆಗೆ ತಾಗುವ ಸದ್ದು ಮಾತ್ರ. ಅಡುಗೆಯವ ನನ್ನ ಮುಖ ನೋಡದೆ ಬಡಿಸಿದ. ಕೊನೆಗೆ ಸಾಹೇಬರೇ, "ಅಕ್ಕಂಗೆ ಲಾಯರ್ ಆಗೋ ಆಸೆ ಇತ್ತು ಅಂತ ನಮಗೆ ಗೊತ್ತೇ ಇರ್ಲಿಲ್ಲ" ಅಂದರು. ಎಲ್ಲರೂ ನಕ್ಕರು.

ನಾನು ಸುಮ್ಮನಿರುವ ಪೈಕಿಯೇ? ಎದ್ದು ನಿಂತು ಹೇಳಿದೆ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳುವುದು ಅವನ ಹಕ್ಕು, ಯಾರ ಭಿಕ್ಷೆಯೂ ಅಲ್ಲ. ಇವತ್ತು ಅವನಿಗೆ ಬಂದದ್ದು ನಾಳೆ ನಿಮ್ಮಲ್ಲಿ ಯಾರಿಗಾದರೂ ಬರಬಹುದು, ಆಗ ನಿಮ್ಮ ಪಕ್ಕ ಯಾರು ಕೂರುತ್ತಾರೆ ನೋಡಿಕೊಳ್ಳಿ. ಗೋರ್ಕಲ್ಲ ಮೇಲೆ ಮಳೆಗರೆದಂತಾಯಿತು. ಒಬ್ಬೊಬ್ಬರೇ ಕೈ ತೊಳೆಯಲು ಎದ್ದರು. ನಾನು ಭಾಷಣ ಮುಗಿಸುವಾಗ ಕೇಳುತ್ತಿದ್ದದ್ದು ನೀರಿನ ಡ್ರಮ್ಮು ಮಾತ್ರ.

ಪರವಾಗಿಲ್ಲ. ಎರಡು ದಿನ ಮುನಿಸು ಇರುತ್ತದೆ, ಆಮೇಲೆ ಸರಿಹೋಗುತ್ತದೆ. ನಾನಿಲ್ಲದೆ ಆ ಮೇಜಿಗೆ ರುಚಿ ಎಲ್ಲಿಂದ ಬರಬೇಕು?

ಮಾರ್ಚ್ ೧೬, ಭಾನುವಾರ

ನೌಕರರ ಸಂಘದ ವಕೀಲೆಯನ್ನು ನೋಡಿಬಂದೆವು. ದರ್ಜಿ ಅಂಗಡಿಯ ಮೇಲೊಂದು ಪುಟ್ಟ ಕೋಣೆ, ಕೆಳಗಿನ ಹೊಲಿಗೆ ಯಂತ್ರ ಓಡಿದಾಗಲೆಲ್ಲ ಮೇಜು ನಡುಗುತ್ತದೆ. ವಕೀಲೆಗೆ ನನ್ನ ಅಕ್ಕನ ಮಗಳ ವಯಸ್ಸು. ಆದರೂ ಅವಳ ಮಾತು ಸೂಜಿಗೆ ದಾರ ಪೋಣಿಸಿದ ಹಾಗೆ.

ಬೆಂಕಿ ಆರಿಸುವವರನ್ನು ಬೇಕಾದ ಹಾಗೆ ಪ್ರಶ್ನಿಸಲು ಬರುವುದಿಲ್ಲವಂತೆ. ಆರೋಪ ಏನೆಂದು ಮೊದಲೇ ಬರವಣಿಗೆಯಲ್ಲಿ ಕೊಡಬೇಕು. ತಯಾರಾಗಲು ಸಮಯ ಕೊಡಬೇಕು. ಬೆಂಕಿಯ ಕೆಲಸದಿಂದ ಬಂದವನನ್ನು ದಣಿವಾರುವ ಮೊದಲು ಕೂರಿಸಿ ಹೇಳಿಕೆ ಪಡೆಯಬಾರದು. ಪಕ್ಕದಲ್ಲಿ ಸಹಾಯಕರಿರಬೇಕು. ಬರೆದದ್ದನ್ನು ಓದಿ ಹೇಳಿ, ಆಮೇಲೆ ಸಹಿ. ಇಪ್ಪತ್ತು ವರ್ಷಕ್ಕೂ ಹೆಚ್ಚು ಈ ಕೆಲಸದಲ್ಲಿದ್ದೇನೆ, ಇದರಲ್ಲಿ ಒಂದೂ ನನಗೆ ಗೊತ್ತಿರಲಿಲ್ಲ. ನಮಗೆ ಹೇಳಿಕೊಟ್ಟದ್ದೆಲ್ಲ ಬೆಂಕಿಯಿಂದ ಹೇಗೆ ಪಾರಾಗುವುದು ಎಂದು ಮಾತ್ರ.

ಹಾಗಾದರೆ ನಿಮ್ಮ ಹೇಳಿಕೆ ಯಾವಾಗ ತೆಗೆದುಕೊಂಡರು ಎಂದು ಅವಳು ಕೇಳಿದಳು. ಬಾಯಿಬೀಗ ಹೇಳಿದ: ಅದೇ ಸಂಜೆ, ಗಾಡಿ ಇಳಿದ ತಕ್ಷಣ, ಸಾಹೇಬರ ಕೋಣೆಯಲ್ಲಿ, ಒದ್ದೆ ಬಟ್ಟೆಯಲ್ಲಿ. ಏನಿಲ್ಲ, ವರದಿಗೆ ಒಂದು ಸಹಿ ಬೇಕು ಅಂದರಂತೆ. ಅದರಲ್ಲಿ ಇದ್ದದ್ದು "ನಾನೇ ನೀರು ನಿಲ್ಲಿಸಿದೆ" ಎಂದಷ್ಟೇ. ವಕೀಲೆ ಪೆನ್ನಿನ ಮುಚ್ಚಳ ಹಾಕಿದಳು. ಇಷ್ಟು ಸಾಕು ಅಂದಳು.

ಅಲ್ಲಮ್ಮ, ಆ ದಿನ ನಿಜವಾಗಿ ಏನಾಯಿತು ಎಂಬುದು ಬೇಡವೇ ಎಂದು ನಾನು ಕೇಳಿದೆ.

"ಅದನ್ನ ಸಾಬೀತು ಮಾಡ್ಬೇಕಾದ್ದು ಅವರು, ನೀವಲ್ಲ. ಇವರು ಬಾಯಿ ಬಿಡ್ಲೇಬೇಕು ಅಂತ ಯಾರೂ ಬಲವಂತ ಮಾಡೋ ಹಾಗಿಲ್ಲ. ನಿಮ್ಮ ಹತ್ರ ಏನಾದ್ರೂ ಹೇಳ್ಕೊಂಡ್ರೆ, ಇವರು ಒಪ್ಪೋವರೆಗೂ ನೀವೂ ಯಾರಿಗೂ ಹೇಳೋ ಹಾಗಿಲ್ಲ."

ನನ್ನ ಬಾಯಿಗೂ ಬೀಗ ಎಂದು ಜೋರಾಗಿ ನಕ್ಕೆ. ಪಾಪ, ಅವಳಿಗೆ ಅರ್ಥವಾಗಲಿಲ್ಲ. ಬಾಯಿಬೀಗನಿಗೆ ಆಯಿತು. ತುಟಿಯ ಒಂದು ಮೂಲೆ ಅಲುಗಿತು.

ಮಾರ್ಚ್ ೧೭, ಸೋಮವಾರ

ಅಕ್ಕನ ಫೋನು. ಊರ ಉಸಾಬರಿ ನಿನಗ್ಯಾಕೆ ಎಂದಳು. ಸರಿಯಾಗಿಯೇ ಹೇಳಿದಳು. ಮನೆಗೆಲಸದ ನಡುವೆ ಮಾತಾಡುತ್ತಿದ್ದಳು, ಪಾತ್ರೆಯ ಸದ್ದಿನಲ್ಲಿ ನನ್ನ ಉತ್ತರ ಅವಳಿಗೆ ಕೇಳಿಸಿದ ಹಾಗಿರಲಿಲ್ಲ.

ಮಾರ್ಚ್ ೨೩, ಭಾನುವಾರ

ಇಷ್ಟು ವರ್ಷ ಒಂದೇ ಕ್ವಾರ್ಟರ್ಸಿನಲ್ಲಿದ್ದೂ ಬಾಯಿಬೀಗನ ಮನೆಯೊಳಗೆ ಇವತ್ತೇ ಕಾಲಿಟ್ಟದ್ದು. ವಿಚಾರಣೆಗೆ ತಯಾರಾಗಬೇಕಿತ್ತು. ಎರಡು ಕೋಣೆ, ಒಂದರಲ್ಲಿ ಇವನು, ಇನ್ನೊಂದರಲ್ಲಿ ತಂಗಿ. ತಂಗಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ. ಇವನ ತಂಗಿಗೆ ಹೀಗಿದೆ ಎಂದು ಠಾಣೆಯಲ್ಲಿ ಯಾರಿಗೂ ತಿಳಿಯದು.

ಇನ್ನೊಂದು ಸಂಗತಿ ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಬಾಯಿಬೀಗ ಮಹಾ ವಾಚಾಳಿ. ಬಾಗಿಲು ದಾಟಿದ್ದೇ ತಡ, ಅವನ ಎರಡು ಕೈಗಳೂ ಶುರುವಾದವು. ಬೆರಳು ಮಡಚಿ, ಬಿಡಿಸಿ, ಎದೆಗೆ ತಟ್ಟಿ, ಗಾಳಿಯಲ್ಲಿ ಗೆರೆ ಎಳೆದು ಅದೇನು ಹೇಳಿದನೋ, ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳೂ ಏನೋ ಕೈಯಾಡಿಸಿದಳು. ಏನಂತೆ ಎಂದೆ. "ಬಾಯಿಬಡುಕಿ ಅಂದ್ರೆ ಇವರೇನಾ ಅಂತ ಕೇಳ್ತಿದಾಳೆ" ಅಂದ. ಅಂದರೆ ಈ ಮನೆಯಲ್ಲಿ ನನ್ನ ಕೀರ್ತಿ ಹಬ್ಬಿ ಬಹಳ ದಿನವಾಗಿದೆ.

ಚಹಾ ಆದ ಮೇಲೆ ನಾನು ಪಟ್ಟು ಹಿಡಿದೆ. ಯಾಕೆ ನಿಲ್ಲಿಸಿದ್ದು ಎಂದು ತಿಳಿಯದೆ ನಾನು ಆ ಕುರ್ಚಿಯಲ್ಲಿ ಕೂರುವುದಿಲ್ಲ. ಅವನು ಲೋಟ ಕೆಳಗಿಟ್ಟ. ಆಮೇಲೆ ಹೇಳಿದ.

ಸಾಹೇಬರು ಕಟ್ಟಡದ ಹಿಂದೆ ಇದ್ದರಂತೆ. ಚಿನಕುರಳಿಯ ಜೊತೆ ಒಳಗೆ ಹೋಗಿದ್ದವನು ಗಾಳಿಯ ಸಿಲಿಂಡರು ಬದಲಾಯಿಸಲು ಹೊರಗೆ ಬಂದಿದ್ದ. ಆಗ ಹೊಗೆಯ ಬಣ್ಣ ಬದಲಾಯಿತು. ಹಳದಿಗೆ ತಿರುಗಿ, ಮಂದವಾಗಿ, ಸೂರಿನ ಕೆಳಗಿಂದ ಹೊರಬರುವುದು, ಮತ್ತೆ ಒಳಗೆ ಎಳೆದುಕೊಳ್ಳುವುದು. ಕಟ್ಟಡ ಉಸಿರಾಡುತ್ತಿದೆ ಎನ್ನುತ್ತೇವೆ ನಾವು. ಹಾಗೆ ಕಂಡರೆ ಒಳಗಿರುವವರು ಓಡಿ ಹೊರಗೆ ಬರಬೇಕು, ಯಾವ ಕ್ಷಣದಲ್ಲಾದರೂ ಎಲ್ಲ ಒಟ್ಟಿಗೆ ಸಿಡಿಯುತ್ತದೆ. ಪಂಪಿಗೂ ಮೂತಿಗೂ ಮಾತ್ರ ಇರುವ ವಾಕಿಟಾಕಿಯಲ್ಲಿ ಇವನು ಕರೆದ, ಬೇರೆ ಯಾರಿಗೂ ಕೇಳಿಸುವಂತಿರಲಿಲ್ಲ. ಬಂದೆ, ಮೂಲೆ ಒಂದು ಬಾಕಿ ಎಂದನಂತೆ ಚಿನಕುರಳಿ. ಇನ್ನೊಮ್ಮೆ ಕರೆದ. ಇನ್ನೊಂಚೂರು ಎಂದ. ಮೂರನೆಯ ಸಲ ಕರೆದಾಗ ಉತ್ತರವೇ ಇಲ್ಲ.

ಆಗ ನೀರು ನಿಲ್ಲಿಸಿದ. ಒಳಗಿರುವವನಿಗೆ ನೀರು ನಿಂತರೆ ಬೇರೆ ದಾರಿಯಿಲ್ಲ, ಪೈಪು ಹಿಡಿದುಕೊಂಡು ಬಂದ ದಾರಿಯಲ್ಲೇ ಹೊರಗೆ ಬರಬೇಕು. ಚಿನಕುರಳಿ ಬಂದ. ಬಾಗಿಲು ದಾಟುವಾಗ ಜ್ವಾಲೆ ಕೈಗೆ ಹಿಡಿಯಿತು. ಅವನು ಅಂಗಳಕ್ಕೆ ಬಿದ್ದ ಮೇಲೆ ಹಿಂದಿನಿಂದ ಚಾವಣಿ ಹಾರಿಹೋಯಿತು.

"ನೀರಿದ್ದಿದ್ರೆ ಕೈ ಸುಡ್ತಿರ್ಲಿಲ್ವೇನೋ. ನೀರಿದ್ದಿದ್ರೆ ಅವನು ಹೊರಗೇ ಬರ್ತಿರ್ಲಿಲ್ವೇನೋ. ನಂಗೊತ್ತಿಲ್ಲ. ದಿನಾ ಯೋಚ್ನೆ ಮಾಡ್ತೀನಿ, ಗೊತ್ತಾಗಲ್ಲ."

ನಾನು ಕುರ್ಚಿಯಿಂದ ಹಾರಿಬಿಟ್ಟೆ. ಇದನ್ನು ಹೇಳಿದರೆ ಮುಗಿಯಿತಲ್ಲ, ನಾಳೆಯೇ ಕೆಲಸ ವಾಪಸು, ಆ ಮೇಜಿನವರೆಲ್ಲ ಬಂದು ಕ್ಷಮೆ ಕೇಳಬೇಕು. ಅವನು ತಲೆಯಾಡಿಸಿದ. ಹೊರಗೆ ಬಾ ಎಂದು ಕರೆದಾಗ ಬಾರದೆ ಗಾಯಗೊಂಡವನಿಗೆ ಗಾಯದ ರಜೆಯಿಲ್ಲ, ಹಗುರದ ಕೆಲಸವಿಲ್ಲ, ಬದಲಿಗೆ ಅವನ ಮೇಲೇ ಆರೋಪ. ಅದೂ ನಿಯಮದಲ್ಲೇ ಇದೆ.

"ಅವನ ಕೈ ಹೋಗಿದೆ. ಕೆಲಸಾನೂ ಕಿತ್ಕೊಳ್ಳೋದಾ? ನಿಮ್ಮ ಹತ್ರ ಹೇಳಿದ್ದು ನಿಮ್ಮ ಹತ್ರಾನೇ ಇರ್ಲಿ."

ಕತ್ತಲಾಗುವವರೆಗೂ ವಾದ ಮಾಡಿದೆ. ಕಾಡಿದೆ, ಬೈದೆ, ತಂಗಿಯ ಗತಿ ಏನು ಎಂದು ಹೆದರಿಸಿದೆ. ಯಾವುದಕ್ಕೂ ಜಗ್ಗಲಿಲ್ಲ. ತಂಗಿ ನನ್ನ ತುಟಿಗಳನ್ನೇ ನೋಡುತ್ತ ಕೂತಿದ್ದಳು. ಹೊರಡುವಾಗ ನನಗೆ ಎರಡು ಸನ್ನೆ ಹೇಳಿಕೊಟ್ಟಳು. ಅಂಗೈ ಮೇಲೆ ಮಾಡಿ ಎದೆಗೆ ಒತ್ತಿದರೆ ಬಾ. ಅಂಗೈ ಕೆಳಗೆ ಮಾಡಿ ಮೆಲ್ಲಗೆ ಒರೆಸಿದರೆ ಬೇಡ.

ಮಾರ್ಚ್ ೨೯, ಶನಿವಾರ

ಈಗ ಊಟವನ್ನು ಕಂಟ್ರೋಲ್ ರೂಮಿಗೇ ತಂದುಕೊಳ್ಳುತ್ತಿದ್ದೇನೆ. ಫೋನು ಯಾವಾಗ ಬರುತ್ತದೋ ಹೇಳಲು ಬರುವುದಿಲ್ಲವಲ್ಲ.

ಫೋನು ಬರಲಿಲ್ಲ.

ಏಪ್ರಿಲ್ ೩, ಗುರುವಾರ

ವಿಚಾರಣೆಯ ಮೊದಲ ದಿನ. ಉದ್ದನೆಯ ಮೇಜು, ಕಿರುಗುಟ್ಟುವ ಫ್ಯಾನು, ಟೈಪು ಮಾಡುವವನು ಒಬ್ಬ. ವಿಚಾರಣಾಧಿಕಾರಿ ಮುಖ್ಯ ಕಚೇರಿಯಿಂದ ಬಂದ ಹೆಂಗಸು, ಕನ್ನಡಕ ಕೊರಳಲ್ಲಿ ತೂಗಾಡುತ್ತಿತ್ತು. ನಾನು ಬಾಯಿಬೀಗನ ಪಕ್ಕ ಕೂತೆ. ಈಗ ಅವನು ಎನ್ನಲು ನಾಲಗೆ ಏಳುವುದಿಲ್ಲ. ಅವರು ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಬಂದಿದ್ದರು. ಅಮಾನತಿನಲ್ಲಿರುವವರು ಅದನ್ನು ಹಾಕುವಂತಿಲ್ಲ ಎಂದು ಹೇಳಿ, ಮೇಲಂಗಿ ತೆಗೆಸಿ, ಬನಿಯನ್ನಿನ ಮೇಲೆ, ರಾತ್ರಿ ಪಾಳಿಗೆಂದು ಚೀಲದಲ್ಲಿದ್ದ ನನ್ನ ಸ್ವೆಟರು ಹಾಕಿಸಿದೆ. ತೋಳು ಮೊಣಕೈಗೇ ನಿಂತಿತು. ಹಾಗೇ ಕೂತರು.

ಸಾಕ್ಷಿ ಸಾಹೇಬರು. ನನ್ನ ಸರದಿ ಬಂತು. ನೋಟಿಸು ಕೊಟ್ಟಿದ್ದಿರಾ, ಪಕ್ಕದಲ್ಲಿ ಒಬ್ಬರಿರಬಹುದು ಎಂದು ತಿಳಿಸಿದ್ದಿರಾ, ಬರೆದದ್ದನ್ನು ಓದಿ ಹೇಳಿದಿರಾ ಎಂದು ವಕೀಲೆ ಹೇಳಿಕೊಟ್ಟಂತೆ ಒಂದೊಂದಾಗಿ ಕೇಳಿದೆ. ಇಲ್ಲ, ಇಲ್ಲ, ಇಲ್ಲ. ಸಾಹೇಬರು ಸುಳ್ಳು ಹೇಳುವವರಲ್ಲ. ಆಮೇಲೆ ಯಾರೂ ಹೇಳಿಕೊಡದ ಒಂದು ಪ್ರಶ್ನೆ ಬಾಯಿಗೆ ಬಂತು.

"ಹೇಳಿಕೆ ಕೊಡುವಾಗ ಅವರು ಒದ್ದೆ ಬಟ್ಟೆಯಲ್ಲಿದ್ರಾ?"

"ಹೌದು."

"ನೀವು?"

"ನಾನು ಬಟ್ಟೆ ಬದಲಾಯಿಸಿದ್ದೆ" ಅಂದರು ಸಾಹೇಬರು. ಟೈಪಿನವನ ಬೆರಳು ಒಂದು ಕ್ಷಣ ನಿಂತಿತು.

ಹೊರಗೆ ನಲ್ಲಿಯ ಹತ್ತಿರ ಸಾಹೇಬರು ಸಿಕ್ಕರು. ಸಂಜೆಯೊಳಗೆ ವರದಿ ಕಳಿಸು ಎಂದು ಮೇಲಿನವರು ತಲೆಯ ಮೇಲೆ ಕೂತಿದ್ದರು, ನಾನೇನು ಬೇಕೆಂದು ಮಾಡಿದೆನಾ ಎಂದರು. ಆಮೇಲೆ ಕೇಳಿದರು, "ನಾನು ನಿನಗೇನಮ್ಮ ಅನ್ಯಾಯ ಮಾಡಿದ್ದೆ?" ಅಮ್ಮ ಹಾಸಿಗೆ ಹಿಡಿದಾಗ ನನ್ನನ್ನು ಗಾಡಿಯಿಂದ ಇಳಿಸಿ, ಹೊತ್ತಿಗೆ ಸರಿಯಾಗಿ ಮನೆಗೆ ಹೋಗುವಂತೆ ಕಂಟ್ರೋಲ್ ರೂಮಿಗೆ ಹಾಕಿದ್ದವರು ಇವರೇ.

ಏಪ್ರಿಲ್ ೧೦, ಗುರುವಾರ

ಇವತ್ತಿನಷ್ಟು ಒಂಟಿ ಎಂದು ನನಗೆ ಅಮ್ಮ ಹೋದ ದಿನವೂ ಅನಿಸಿರಲಿಲ್ಲ.

ಸಾಕ್ಷಿ ಚಿನಕುರಳಿ. ಬ್ಯಾಂಡೇಜು ಬಿಚ್ಚಿದ್ದಾರೆ. ಕೈಗಳ ಮೇಲಿನ ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿ ಬಿಗಿದಿದೆ, ಬೆರಳು ಪೂರ್ತಿ ಮಡಚಲು ಬರುವುದಿಲ್ಲ. ಒಳಗಿದ್ದೆ, ನೀರು ನಿಂತಿತು, ಹೊರಗೆ ಬಂದೆ ಎಂದ. ಆಸ್ಪತ್ರೆಯಲ್ಲಿ ನನಗೆ ಹೇಳಿದಷ್ಟೇ, ಹಾಗೆಯೇ ಗೋಡೆ ನೋಡಿಕೊಂಡು.

ಸಹಾಯಕರು ಏನಾದರೂ ಕೇಳುತ್ತೀರಾ ಎಂದು ಅಧಿಕಾರಿ ನನ್ನ ಕಡೆ ತಿರುಗಿದರು. ಒಂದೇ ಒಂದು ಪ್ರಶ್ನೆ. ನಿನ್ನನ್ನು ಹೊರಗೆ ಕರೆದಿದ್ದರೇ? ಅಷ್ಟು ಕೇಳಿದ್ದರೆ ಆಗುತ್ತಿತ್ತು. ಅದು ನಾಲಗೆಯ ತುದಿಗೆ ಬಂದು ಕೂತಿತ್ತು. ಚಿನಕುರಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಹೌದು ಎಂದುಬಿಡುತ್ತಿದ್ದ. ನಾನು ಬಾಯಿ ತೆರೆದೆ. ಮೇಜಿನ ಕೆಳಗೆ, ಅವರ ಮೊಣಕಾಲಿನ ಮೇಲೆ, ಅಂಗೈ ಕೆಳಗಾಗಿತ್ತು. ಮೆಲ್ಲಗೆ ಒರೆಸಿದರು. ಬೇಡ.

"ಕೇಳೋದು ಏನಿಲ್ಲ" ಅಂದೆ.

ಚಿನಕುರಳಿ ಆಗ ನನ್ನನ್ನು ನೋಡಿದ, ಅವರನ್ನು ನೋಡಿದ, ಕೊನೆಗೆ ತನ್ನ ಕೈಗಳನ್ನು ನೋಡಿಕೊಂಡ. ಅವನ ಹೆಂಡತಿ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಳು. ನಾನು ಹಾದುಹೋಗುವಾಗ ಮುಖ ತಿರುಗಿಸಿದಳು.

ಈ ಬಾಯಿಯನ್ನು ನಂಬಿಕೊಂಡು ಇಷ್ಟು ವರ್ಷ ಬದುಕಿದ್ದೇನೆ. ಇವತ್ತು ಅದು ಬೇಕಾಗಿದ್ದಾಗ ಅದನ್ನು ನಾನೇ ಮುಚ್ಚಿದೆ. ಮನೆಗೆ ಬಂದು ಅಮ್ಮನ ಮಂಚದ ಮೇಲೆ ಕೂತು ಅತ್ತೆ. ಅಳುವಾಗಲೂ ಪಕ್ಕದ ಮನೆಗೆ ಕೇಳದಂತೆ ಬಾಯಿಗೆ ಸೆರಗು ಒತ್ತಿಕೊಂಡಿದ್ದೆ.

ಏಪ್ರಿಲ್ ೨೨, ಮಂಗಳವಾರ

ಏನೂ ಇಲ್ಲ. ಆದೇಶ ಬಂದಿಲ್ಲ. ತಂಗಿ ಇವತ್ತು ನನಗೆ ಇನ್ನಷ್ಟು ಸನ್ನೆ ಹೇಳಿಕೊಟ್ಟಳು. ಹಸಿವು, ನಾಳೆ, ಸಿಟ್ಟು.

ಮೇ ೬, ಮಂಗಳವಾರ

ಆದೇಶ ಬಂತು. ಆರೋಪಿಯ ಹೇಳಿಕೆಯನ್ನು ನಿಯಮಗಳಿಗೆ ವಿರುದ್ಧವಾಗಿ ಪಡೆದಿರುವುದರಿಂದ ಪರಿಗಣಿಸಲು ಬರುವುದಿಲ್ಲ, ಉಳಿದ ಸಾಕ್ಷ್ಯ ಸಾಲದು, ಆರೋಪ ಕೈಬಿಡಲಾಗಿದೆ, ಕೆಲಸಕ್ಕೆ ಹಾಜರಾಗತಕ್ಕದ್ದು. ಹಿಂದೆ ಮುಂದೆ ಓದಿದೆ. ಇವರು ತಪ್ಪು ಮಾಡಿಲ್ಲ ಎಂದು ಎಲ್ಲೂ ಬರೆದಿಲ್ಲ.

ವಕೀಲೆ ಫೋನ್ ಮಾಡಿ ಗೆದ್ದೆವು ಎಂದಳು. ಅವಳ ದನಿಯಲ್ಲಿ ಸಂತೋಷ ಇತ್ತು. ಹೌದಮ್ಮ ಅಂದೆ.

ಠಾಣೆಯಲ್ಲಿ ಬೇರೆ ಮಾತು. ಕಾನೂನಿನ ಕಿಂಡಿಯಲ್ಲಿ ನುಸುಳಿ ಬಂದ, ಬಾಯಿಬಡುಕಿ ನುಸುಳಿಸಿದಳು. ಅವರು ಹಾಜರಾಗಲು ಬಂದಾಗ ಪಂಪಿನ ಮೇಲೆ ಯಾರೋ ಸೀಮೆಸುಣ್ಣದಲ್ಲಿ "ದಯವಿಟ್ಟು ನೀರು ನಿಲ್ಲಿಸಬೇಡಿ" ಎಂದು ಬರೆದಿದ್ದರು. ದಿನವೂ ಧೂಳು ಒರೆಸುವ ಬಟ್ಟೆಯಲ್ಲೇ ಅದನ್ನೂ ಒರೆಸಿದರು. ನಾನು ಕಂಟ್ರೋಲ್ ರೂಮಿನ ಕಿಟಕಿಯಿಂದ ನೋಡುತ್ತಿದ್ದೆ. ಮೊದಲಾಗಿದ್ದರೆ ಆ ಸೀಮೆಸುಣ್ಣದವನ ಏಳು ತಲೆಮಾರನ್ನು ಜಾಲಾಡಿಬಿಡುತ್ತಿದ್ದೆ. ಇವತ್ತು ಏನೆಂದು ಶುರು ಮಾಡುವುದು? ಒಂದು ಮಾತು ಹೊರಬಿದ್ದರೆ ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಮೇ ೧೯, ಸೋಮವಾರ

ಅವರು ಪಂಪಿನ ಮೇಲಿದ್ದರೆ ಪೈಪಿನ ಮೂತಿ ಹಿಡಿಯಲು ಯಾರೂ ಮುಂದೆ ಬರುವುದಿಲ್ಲ. ಬಾಯಿಬಿಟ್ಟು ಬೇಡ ಎನ್ನುವುದಿಲ್ಲ, ಬೂಟಿನ ದಾರ ಕಟ್ಟುತ್ತ ಕೂರುತ್ತಾರೆ. ಎರಡು ಸಲ ಹಾಗಾಯಿತು. ಮೂರನೆಯದಾಗುವ ಮೊದಲೇ ಅವರು ವರ್ಗಾವಣೆ ಕೇಳಿಕೊಂಡರು. ಊರಾಚೆ ನಮ್ಮ ಗಾಡಿಗಳನ್ನು ರಿಪೇರಿ ಮಾಡುವ ಕಾರ್ಖಾನೆಗೆ. ಅಲ್ಲಿ ಪಂಪುಗಳಿವೆ, ಬೆಂಕಿ ಇಲ್ಲ.

ಸಾಮಾನು ಕಟ್ಟಲು ಹೋಗಿದ್ದೆ. ತಂಗಿಗೆ ಈ ಮನೆ ಬಿಡುವ ಮನಸ್ಸಿಲ್ಲ, ಅಣ್ಣನ ಮೇಲೆ ಕೈಯಲ್ಲೇ ರೇಗುತ್ತಿದ್ದಳು. ಅವರು ಪಾತ್ರೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದರು. ಗಾಡಿ ಹೊರಟ ಮೇಲೆ ಖಾಲಿ ಮನೆಗೆ ನಾನೇ ಬೀಗ ಹಾಕಿ ಕೀಲಿಕೈಯನ್ನು ಕಚೇರಿಗೆ ಕೊಟ್ಟೆ.

ಸಂಜೆ ಸಾಹೇಬರು ಪಂಪಿಗೆ ಯಾರು ಎಂದು ಕೇಳಿದರು. ಒಬ್ಬರೂ ತಲೆಯೆತ್ತಲಿಲ್ಲ. ನನಗೆ ಆ ತರಬೇತಿ ಆಗಿದೆ, ಗಾಡಿಯಲ್ಲಿದ್ದಾಗ ಮಾಡಿದ್ದೇನೆ. ನಾನು ಎಂದೆ. ಸಾಹೇಬರು ಪೆನ್ನು ತೆಗೆದರು. ಬರೆದುಕೊಂಡರು.

ಅಡುಗೆಯವ ತಟ್ಟೆ ಕೊಡುವಾಗ, "ಅಕ್ಕ, ಈಗೀಗ ನಿಮ್ಮ ದನಿನೇ ಕೇಳ್ಸಲ್ವಲ್ಲ" ಅಂದ. ಗಂಟಲು ಸರಿಯಿಲ್ಲ ಎಂದೆ.

ಜೂನ್ ೩೦, ಸೋಮವಾರ

ಚಿನಕುರಳಿ ಕೆಲಸಕ್ಕೆ ಬಂದ. ಮಗಳು ಹುಟ್ಟಿದ್ದಾಳೆ. ಠಾಣೆಗೆಲ್ಲ ಸಿಹಿ ಹಂಚಿದ, ನನ್ನ ಪಾಲನ್ನು ಅಡುಗೆಯವನ ಕೈಯಲ್ಲಿ ಕಳಿಸಿದ. ಬೆರಳು ಈಗ ಮುಕ್ಕಾಲು ಮಡಚುತ್ತವೆ. ಹಗುರದ ಕೆಲಸ ಬೇಡ, ಮತ್ತೆ ಮೂತಿ ಹಿಡಿಯುತ್ತೇನೆ ಎಂದು ಹಟ ಮಾಡಿದನಂತೆ. ಮೊದಲು ಕವಾಯತಿನಲ್ಲಿ ನೋಡೋಣ ಎಂದರು ಸಾಹೇಬರು.

ಹಿತ್ತಲಿನ ಹೊಗೆ ಕೋಣೆಯಲ್ಲಿ ಒದ್ದೆ ಹುಲ್ಲಿಗೆ ಬೆಂಕಿ ಕೊಟ್ಟು ಹೊಗೆ ತುಂಬಿದ್ದರು. ಎಲ್ಲರೂ ಸುತ್ತ ನಿಂತಿದ್ದರು. ನಾನು ಪಂಪಿನ ಹತ್ತಿರ. ಚಿನಕುರಳಿ ಮುಖಕ್ಕೆ ಮಾಸ್ಕ್ ಏರಿಸುವ ಮುನ್ನ ನನ್ನ ಕಡೆ ತಿರುಗಿದ. ಮುಖದಲ್ಲಿ ಹಳೆಯ ತುಂಟತನ ಇತ್ತು, ಆದರೆ ಕಣ್ಣು ಸ್ವಲ್ಪ ಆಚೆ ಈಚೆ ಆಡಿದವು.

"ಅಕ್ಕ, ನೀವಾದ್ರೂ ನೀರು ನಿಲ್ಲಿಸ್ಬೇಡಿ."

ಎಲ್ಲರೂ ಗೊಳ್ಳೆಂದರು.

"ನಿಲ್ಲಿಸ್ತೀನಿ" ಅಂದೆ. "ಮೂರು ಸಲ ಕರೀತೀನಿ. ಆಮೇಲೆ ನಿಲ್ಲಿಸ್ತೀನಿ."

ಅವರಿಗೆ ಇದೂ ತಮಾಷೆಯೇ, ಇನ್ನಷ್ಟು ನಕ್ಕರು. ಚಿನಕುರಳಿಯ ನಗು ಹೋಯಿತು. ಕೊಟ್ಟ ಮಾತು ಮೀರಿದೆನೋ ಎಂದುಕೊಂಡೆ. ಆದರೆ ಯಾರ ಬಗ್ಗೆಯೂ ನಾನು ಏನೂ ಹೇಳಿಲ್ಲ, ನಾನು ಮಾಡುವುದನ್ನಷ್ಟೇ ಹೇಳಿದ್ದು. ಅವನು ಹತ್ತಿರ ಬಂದ. ಕೈಗವಸಿನ ಪಟ್ಟಿ ಎಳೆಯಲು ಅವನ ಬೆರಳಿಗೆ ಬಾರದು. ಎರಡೂ ಮಣಿಕಟ್ಟು ನನ್ನ ಮುಂದೆ ಹಿಡಿದ. ಬಿಗಿಯಾಗಿ ಕಟ್ಟಿದೆ. ಒಳಗೆ ಹೋದ. ನೀರು ಬಿಟ್ಟೆ.

ಬಾಗಿಲಿನ ಹೊಗೆ ದಟ್ಟವಾದಾಗ ವಾಕಿಟಾಕಿ ಬಾಯಿಗಿಟ್ಟು, ಹೊರಗೆ ಬಾ ಎಂದೆ. ಇಷ್ಟು ಬೇಗ ಯಾಕೆ, ಇನ್ನೂ ಕಾಲು ಭಾಗವೂ ಆಗಿಲ್ಲವಲ್ಲ ಎಂದು ಹಿಂದೆ ಯಾರೋ ಗೊಣಗಿದರು.

ಅವನು ಮೊದಲ ಕರೆಗೇ ಹೊರಗೆ ಬಂದ.